ಈರಿ ಸರೋವರದ ನೀರುಹಾವು: ಹೇಳಿದರೆ ಯಾರು ಕೇಳ್ತಾರೆ?

ಹೋದ ಬೇಸಿಗೆಯಲ್ಲಿ ನಮ್ಮೂರ ಮೆಟ್ಟಿಲು ಬಾವಿಯ ಹೂಳು ತೆಗೆಯುತ್ತಿದ್ದರು. ಪತ್ರಿಕೆಗೆ ಒಂದು ಸಣ್ಣ ಸುದ್ದಿ, ಒಂದು ಫೋಟೊ ಆಗುತ್ತೆ ಅಂತ ನಾನೂ ಹೋಗಿ ದಂಡೆ ಮೇಲೆ ನಿಂತಿದ್ದೆ. ನೀರು ಮೊಣಕಾಲಿಗೆ ಇಳಿದಾಗ ಕಲ್ಲಿನ ಸಂದಿಯಿಂದ ಒಂದು ಹಾವು ಹೊರಬಂತು. ಮೈಮೇಲೆ ಚದುರಂಗದ ಮನೆಯ ಹಾಗೆ ಕಪ್ಪು ಚೌಕಗಳು. "ಹಾವು, ಹಾವು" ಅಂತ ಕೂಗು ಎದ್ದಿದ್ದೇ ತಡ, ಸಲಿಕೆ, ಗುದ್ದಲಿ, ಕಲ್ಲು ಎಲ್ಲ ಬಿದ್ದವು. ಎರಡು ನಿಮಿಷ ಕೂಡ ಆಗಲಿಲ್ಲ. ನಾನು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದೆ. ಒಂದು ಮಾತೂ ಆಡಲಿಲ್ಲ.

ಸಂಜೆ ದೊಡ್ಡಪ್ಪನಿಗೆ ಆ ವಿಡಿಯೊ ತೋರಿಸಿದೆ. "ಅದು ನೀರುಹಾವು ಕಣೋ. ವಿಷ ಇಲ್ಲ ಅದಕ್ಕೆ. ನಾವು ಸಣ್ಣವರಿದ್ದಾಗ ಆ ಬಾವೀಲಿ ಅದರ ಜತೆಗೇ ಈಜ್ತಿದ್ವಿ" ಅಂದರು. ನೀವೂ ಅಲ್ಲೇ ಕಟ್ಟೆ ಮೇಲೆ ಕೂತಿದ್ರಲ್ಲ, ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಹೇಳಿದ್ರೆ ಯಾರು ಕೇಳ್ತಾರೆ?" ಅಂದು ಎಲೆಅಡಿಕೆ ಚೀಲ ಬಿಚ್ಚಿದರು.

ಆ ಪ್ರಶ್ನೆ ತಲೆಯಲ್ಲಿ ಉಳಿಯಿತು. ಹೇಳಿದ್ದನ್ನು ಕೇಳಿದ ಜನ ಎಲ್ಲಾದರೂ ಇದ್ದಾರಾ, ಹಾವು ಕಂಡ ಕೂಡಲೇ ಹೊಡೆಯುತ್ತಿದ್ದ ಒಂದು ಇಡೀ ಊರು ಹೊಡೆಯುವುದನ್ನು ನಿಲ್ಲಿಸಿದ್ದು ಎಲ್ಲಾದರೂ ಉಂಟಾ ಅಂತ ಹುಡುಕಿದೆ. ಒಂದು ಕಡೆ ಸಿಕ್ಕಿತು. ಅದು ಇಲ್ಲಿಂದ ಬಹಳ ದೂರ, ಅಮೆರಿಕ ಮತ್ತು ಕೆನಡಾ ಗಡಿಯಲ್ಲಿದೆ. ಆದರೆ ಹಾವು ನಮ್ಮ ಬಾವಿಯ ಹಾವಿನ ದೂರದ ನೆಂಟನೇ. ವಿಷವಿಲ್ಲದ, ನೀರಲ್ಲಿ ಮೀನು ಹಿಡಿದು ಬದುಕುವ, ಹಿಡಿದರೆ ಸಿಟ್ಟಿನಿಂದ ಕಚ್ಚುವ ಜಾತಿ.

ಆ ಸರೋವರದ ಹೆಸರು ಈರಿ. ಸರೋವರ ಅಂದರೆ ನಮ್ಮ ಸೂಳೆಕೆರೆಯ ಅಂದಾಜಿನಲ್ಲಿ ನೋಡಬೇಡಿ. ಸುಮಾರು 25,700 ಚದರ ಕಿಲೋಮೀಟರ್ ನೀರು. ಬೆಳಗಾವಿಯಂಥ ಎರಡು ಜಿಲ್ಲೆ ಸೇರಿಸಿದರೆ ಹತ್ತಿರಹತ್ತಿರ ಅಷ್ಟಾಗುತ್ತದೆ. ಉತ್ತರ ದಂಡೆ ಕೆನಡಾದ ಒಂಟಾರಿಯೊ ಪ್ರಾಂತ್ಯ, ದಕ್ಷಿಣ ದಂಡೆಯ ಪಶ್ಚಿಮ ಭಾಗ ಅಮೆರಿಕದ ಒಹಾಯೊ ರಾಜ್ಯ. ಈ ಪಶ್ಚಿಮ ಮೂಲೆಯಲ್ಲಿ ನೀರಿನ ನಡುವೆ ಇಪ್ಪತ್ತರಷ್ಟು ನಡುಗಡ್ಡೆಗಳಿವೆ. ಪೀಲಿ ಎಲ್ಲಕ್ಕಿಂತ ದೊಡ್ಡದು, ಅದು ಕೆನಡಾದ್ದು. ಕೆಲೀಸ್, ಸೌತ್ ಬಾಸ್, ಮಿಡ್ಲ್ ಬಾಸ್, ನಾರ್ತ್ ಬಾಸ್ ಅಮೆರಿಕದವು. ಕೆಲವು ಎಷ್ಟು ಚಿಕ್ಕವೆಂದರೆ ಒಂದು ಸುತ್ತು ಹಾಕಿ ಬರಲು ಬೀಡಿ ಸೇದುವಷ್ಟು ಹೊತ್ತು ಸಾಕು. ಎಲ್ಲವೂ ಸುಣ್ಣದ ಕಲ್ಲಿನ ಗಡ್ಡೆಗಳು. ದಂಡೆಯ ತುಂಬ ಬೂದು ಬಣ್ಣದ ಚಪ್ಪಟೆ ಬಂಡೆ.

ಈ ಹಾವು ಇರುವುದು ಆ ಗಡ್ಡೆಗಳಲ್ಲಿ ಮಾತ್ರ. ಜಗತ್ತಿನ ಬೇರೆ ಎಲ್ಲೂ ಇಲ್ಲ.

ಒಂದು ಕಾಲಕ್ಕೆ ಅವು ಎಷ್ಟಿದ್ದವು ಅನ್ನುವುದಕ್ಕೆ ಜೊನಾಥನ್ ಕಾರ್ವರ್ ಎಂಬ ಪ್ರವಾಸಿ ಸಾಕ್ಷಿ. 1760ರ ದಶಕದಲ್ಲಿ ಅವನು ಆ ದಾರಿಯಲ್ಲಿ ದೋಣಿಯಲ್ಲಿ ಹೋಗಿದ್ದ. 1778ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ, ದ್ವೀಪಗಳ ಅಂಚಿನ ನೀರೆಲ್ಲ ತಾವರೆಯಂಥ ಎಲೆಗಳಿಂದ ಮುಚ್ಚಿತ್ತೆಂದೂ, ಆ ಎಲೆಗಳ ಮೇಲೆ ಲೆಕ್ಕವಿಲ್ಲದಷ್ಟು ನೀರುಹಾವುಗಳು ಸುತ್ತಿಕೊಂಡು ಬಿಸಿಲು ಕಾಯಿಸುತ್ತಿದ್ದವೆಂದೂ ಬರೆದಿದ್ದಾನೆ. ಪ್ರವಾಸಿಗಳು ಒಂದಕ್ಕೆರಡು ಸೇರಿಸಿ ಬರೆಯುತ್ತಾರೆ, ಅದು ಬೇರೆ ಮಾತು. ಆದರೂ ಒಂದೆರಡು ಹಾವು ಕಂಡವನು ಹಾಗೆ ಬರೆಯಲಾರ.

ಆಮೇಲೆ ಜನ ಬಂದು ನೆಲೆಸಿದರು. 1813ರಲ್ಲಿ ಈ ಗಡ್ಡೆಗಳ ಹತ್ತಿರ ಅಮೆರಿಕ ಮತ್ತು ಬ್ರಿಟನ್ ನಡುವೆ ಹಡಗು ಯುದ್ಧ ನಡೆದು ಅಮೆರಿಕ ಗೆದ್ದಿತು. ಸೌತ್ ಬಾಸ್ ಗಡ್ಡೆಯಲ್ಲಿ ಅದರ ನೆನಪಿನ ದೊಡ್ಡ ಕಂಬವೇ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ದ್ರಾಕ್ಷಿ ತೋಟಗಳೆದ್ದವು, ಕೆಲೀಸ್‌ನಲ್ಲಿ ಸುಣ್ಣದ ಕಲ್ಲಿನ ಗಣಿ ಶುರುವಾಯಿತು. ನಂತರ ಹೋಟೆಲು, ಬೇಸಿಗೆ ಮನೆ, ಮೋಟಾರು ದೋಣಿ. ಕಾಯಂ ವಾಸದವರು ಕೆಲವೇ ನೂರು ಮಂದಿಯಾದರೂ ಬೇಸಿಗೆಯಲ್ಲಿ ಬರುವವರಿಗೆ ಲೆಕ್ಕವಿಲ್ಲ. ಬಂದವರು ದಂಡೆಯ ಬಂಡೆಯ ಮೇಲೆ ಟವೆಲ್ ಹಾಸಲು ಹೋದರೆ ಅಲ್ಲಿ ಮೊದಲೇ ಹಾವು ಮಲಗಿರುತ್ತಿತ್ತು. ಮುಂದಿನದನ್ನು ನಾನು ಹೇಳಬೇಕಿಲ್ಲ. ಹುಟ್ಟುಕೋಲಲ್ಲಿ ಹೊಡೆದವರು, ಗುಂಡು ಹಾರಿಸಿದವರು, ಆಟಕ್ಕೆಂದೇ ಕೊಂದವರು ಎಲ್ಲರೂ ಇದ್ದರು. ಮೀನು ಹಿಡಿಯುವವರಿಗೆ ಬೇರೊಂದು ಸಿಟ್ಟು: ನಮ್ಮ ಮೀನನ್ನೆಲ್ಲ ಇವೇ ತಿಂದು ಮುಗಿಸುತ್ತಿವೆ ಅಂತ.

ವಿಜ್ಞಾನಿಗಳ ಕಣ್ಣಿಗೆ ಈ ಹಾವು ಬಿದ್ದದ್ದು ಬೇರೆ ಕಾರಣಕ್ಕೆ. ಹತ್ತಿರದ ಟೊಲೀಡೊ ನಗರದ ಮೃಗಾಲಯದಲ್ಲಿ ಹಾವುಗಳ ಉಸ್ತುವಾರಿ ನೋಡುತ್ತಿದ್ದ ರೋಜರ್ ಕಾನಂಟ್ ಮತ್ತು ವಿಲಿಯಂ ಕ್ಲೇ 1937ರಲ್ಲಿ ಇದನ್ನು ಒಂದು ಪ್ರತ್ಯೇಕ ಉಪಜಾತಿ ಎಂದು ಹೆಸರಿಟ್ಟರು. ಎದುರು ದಂಡೆಯ ಒಹಾಯೊದಲ್ಲೂ ಇದೇ ಜಾತಿಯ ನೀರುಹಾವು ಬೇಕಾದಷ್ಟಿದೆ. ಆದರೆ ಅದರ ಮೈಮೇಲೆ ಕಂದು ಪಟ್ಟೆಗಳು ಎದ್ದು ಕಾಣುತ್ತವೆ. ಗಡ್ಡೆಯ ಹಾವಿಗೆ ಪಟ್ಟೆ ಇಲ್ಲ, ಇದ್ದರೂ ಮಾಸಿದ ಹಾಗೆ. ಬರೀ ಬೂದು ಮೈ. ನಡುವೆ ಇರುವುದು ಕೆಲವೇ ಕಿಲೋಮೀಟರ್ ನೀರು. ಈಜು ಬಲ್ಲ ಹಾವಿಗೆ ಅದು ದೊಡ್ಡ ದೂರವೂ ಅಲ್ಲ. ಹಾಗಿದ್ದ ಮೇಲೆ ಬಣ್ಣ ಯಾಕೆ ಬೇರೆ?

ಇದಕ್ಕೆ ಉತ್ತರ ಹುಡುಕಿದವರಲ್ಲಿ ಜೋಸೆಫ್ ಕ್ಯಾಮಿನ್ ಮತ್ತು ಪಾಲ್ ಎರ್ಲಿಕ್ ಮುಖ್ಯರು. 1958ರಲ್ಲಿ ಅವರ ಲೇಖನ ಬಂತು. ಅವರು ಮಾಡಿದ್ದು ತುಂಬ ಸರಳ ಕೆಲಸ, ನನಗೆ ಅದಕ್ಕೇ ಇಷ್ಟವಾಯಿತು. ಈ ಹಾವು ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. (ನಮ್ಮ ನೀರುಹಾವು ಮೊಟ್ಟೆ ಇಡುತ್ತದೆ, ನೆಂಟರಲ್ಲೂ ವ್ಯತ್ಯಾಸ ಇರುತ್ತದಲ್ಲ.) ಗಬ್ಬದ ಹಾವುಗಳನ್ನು ಹಿಡಿದು ತಂದು, ಅವು ಹಾಕಿದ ಮರಿಗಳಲ್ಲಿ ಪಟ್ಟೆ ಇರುವವು ಎಷ್ಟು, ಇಲ್ಲದವು ಎಷ್ಟು ಎಣಿಸಿದರು. ಆಮೇಲೆ ದಂಡೆಯಲ್ಲಿ ಹಿಡಿದ ದೊಡ್ಡ ಹಾವುಗಳಲ್ಲೂ ಹಾಗೇ ಎಣಿಸಿದರು. ಮರಿಗಳಲ್ಲಿ ಪಟ್ಟೆಯವು ಹೆಚ್ಚು, ದೊಡ್ಡವುಗಳಲ್ಲಿ ಕಡಿಮೆ. ಅಂದರೆ ಪಟ್ಟೆ ಇರುವ ಮರಿಗಳು ಬೆಳೆದು ದೊಡ್ಡದಾಗುವ ಮುಂಚೆಯೇ ಎಲ್ಲೋ ಕಳೆದುಹೋಗುತ್ತಿವೆ. ಬೂದು ಬಂಡೆಯ ಮೇಲೆ ಪಟ್ಟೆಯ ಮರಿ ಮೇಲಿಂದ ಹಾರುವ ಹಕ್ಕಿಗೆ ಬೇಗ ಕಾಣುತ್ತದೆ, ಬೂದು ಮರಿ ಬಂಡೆಯ ಜತೆ ಬೆರೆತುಹೋಗುತ್ತದೆ ಅನ್ನುವುದು ಅವರ ವಿವರಣೆ. ಹಾಗಾದರೆ ಪಟ್ಟೆ ಪೂರ್ತಿ ಯಾಕೆ ಅಳಿದಿಲ್ಲ? ದಡದಿಂದ ಆಗಾಗ ಪಟ್ಟೆಯ ಹಾವುಗಳು ಈಜಿ ಬಂದು ಇಲ್ಲಿಯವುಗಳ ಜತೆ ಕೂಡುತ್ತಲೇ ಇರುತ್ತವೆ. ಹಕ್ಕಿ ಒಂದು ಕಡೆ ಎಳೆಯುತ್ತದೆ, ಈಜಿ ಬಂದವು ಇನ್ನೊಂದು ಕಡೆ ಎಳೆಯುತ್ತವೆ. ಜೀವವಿಕಾಸ ಕಣ್ಣೆದುರೇ ನಡೆಯುತ್ತಿರುವ ಉದಾಹರಣೆ ಅಂತ ಈ ಹಾವು ಕಾಲೇಜು ಪಠ್ಯಗಳನ್ನೂ ಸೇರಿತು.

ಪಠ್ಯ ಸೇರಿದ ಹಾವನ್ನು ದಂಡೆಯಲ್ಲಿ ಹೊಡೆಯುವುದು ಮಾತ್ರ ನಿಲ್ಲಲಿಲ್ಲ.

1980ರ ದಶಕದಲ್ಲಿ ರಿಚರ್ಡ್ ಕಿಂಗ್ ಎಂಬ ಸಂಶೋಧಕ ಈ ಗಡ್ಡೆಗಳಿಗೆ ಬಂದರು. ಮುಂದೆ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು. ಬಣ್ಣದ ಪ್ರಶ್ನೆಯನ್ನೇ ಮುಂದುವರಿಸುತ್ತ ಅವರು ಹಾವುಗಳ ಲೆಕ್ಕವನ್ನೂ ಹಿಡಿದರು. ಕಾಡುಪ್ರಾಣಿಯನ್ನು ಎಣಿಸುವುದು ಕುರಿ ಎಣಿಸಿದ ಹಾಗಲ್ಲ. ಹೇಗೆ ಎಣಿಸುತ್ತಾರೆ ಅಂದರೆ, ಮೊದಲ ಸಲ ಒಂದಷ್ಟು ಹಾವು ಹಿಡಿದು ಗುರುತು ಮಾಡಿ ಬಿಡುತ್ತಾರೆ. ಸ್ವಲ್ಪ ಕಾಲ ಬಿಟ್ಟು ಮತ್ತೆ ಹಿಡಿಯುತ್ತಾರೆ. ಮೊದಲು ನೂರಕ್ಕೆ ಗುರುತು ಮಾಡಿದ್ದೀರಿ, ಎರಡನೇ ಸಲ ಹಿಡಿದ ನೂರರಲ್ಲಿ ಹತ್ತಕ್ಕೆ ಮಾತ್ರ ಗುರುತು ಇದೆ ಅಂದುಕೊಳ್ಳಿ. ಆಗ ಒಟ್ಟು ಹಾವು ಸುಮಾರು ಸಾವಿರ ಅಂತ ಅಂದಾಜು. ಈಗ ಗುರುತಿಗೆ ಅಕ್ಕಿಕಾಳಿನಷ್ಟು ಚಿಪ್ ಅನ್ನು ಹಾವಿನ ಚರ್ಮದಡಿ ಸೇರಿಸುತ್ತಾರೆ. ಯಂತ್ರ ಹಿಡಿದರೆ ಅದರ ನಂಬರು ತೋರಿಸುತ್ತದೆ, ನಮ್ಮ ದನಗಳ ಕಿವಿಯ ಓಲೆಯ ಹಾಗೆ.

ಹೀಗೆ ಎಣಿಸಿದಾಗ 1990ರ ದಶಕದ ನಡುವೆ ಅಮೆರಿಕದ ಗಡ್ಡೆಗಳಲ್ಲಿ ಉಳಿದಿದ್ದ ದೊಡ್ಡ ಹಾವುಗಳು ಸುಮಾರು 1,500ರಿಂದ 2,000 ಅಂತ ಕಂಡಿತು. ಒಂದೆರಡು ಚಿಕ್ಕ ಗಡ್ಡೆಗಳಲ್ಲಿ ಪೂರ್ತಿ ಇಲ್ಲವಾಗಿತ್ತು. ಹಾವಿನ ಮೇಲೆ ಮೊದಲು ಕ್ರಮ ಕೈಗೊಂಡದ್ದು ಕೆನಡಾ. ಅಲ್ಲಿ 1991ರಲ್ಲೇ ಅಳಿವಿನಂಚಿನ ಹಾವು ಎಂದು ಗುರುತಿಸಿದ್ದರು. ಅಮೆರಿಕದ ಕೇಂದ್ರ ವನ್ಯಜೀವಿ ಇಲಾಖೆ 1993ರಲ್ಲಿ ಪ್ರಸ್ತಾಪ ಇಟ್ಟು, 1999ರ ಆಗಸ್ಟಿನಲ್ಲಿ ರಕ್ಷಿತ ಪಟ್ಟಿಗೆ ಸೇರಿಸಿತು. ಆರು ವರ್ಷ. ಸರ್ಕಾರಿ ಕಡತ ಅಲ್ಲೂ ನಿಧಾನವೇ ಅಂತ ಓದಿ ಸ್ವಲ್ಪ ಸಮಾಧಾನವಾಯಿತು, ಸುಳ್ಳು ಹೇಳುವುದಿಲ್ಲ. ರಕ್ಷಣೆ ಗಡ್ಡೆಗಳ ಹಾವಿಗೆ ಮಾತ್ರ, ಒಹಾಯೊ ದಡದ ಹಾವಿಗೆ ಇಲ್ಲ.

ಈ ಹಾವು ಕಡಿಮೆಯಾಗಲು ಕಾರಣ ಏನು ಅಂತ ಇಲಾಖೆ ಪಟ್ಟಿ ಮಾಡಿದಾಗ ಮೊದಲಿಗೆ ಬಂದದ್ದು ರೋಗ ಅಲ್ಲ, ವಿಷದ ನೀರೂ ಅಲ್ಲ. ಈರಿ ಸರೋವರ 1960ರ ದಶಕದಲ್ಲಿ ಎಷ್ಟು ಕೊಳೆತಿತ್ತೆಂದರೆ ಜನ ಅದನ್ನು ಸತ್ತ ಸರೋವರ ಅನ್ನುತ್ತಿದ್ದರು. ಅದಕ್ಕೆ ಸೇರುವ ಕಯಹೋಗ ನದಿಗೆ 1969ರಲ್ಲಿ ಬೆಂಕಿಯೇ ಹತ್ತಿತ್ತು, ನಮ್ಮ ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಹತ್ತಿದ ಹಾಗೆ. ಆದರೂ ಈ ಹಾವಿನ ವಿಷಯದಲ್ಲಿ ಮೊದಲ ಕಾರಣ ಬೇಕಂತಲೇ ಹೊಡೆದು ಕೊಲ್ಲುವುದು. ಎರಡನೆಯದು ದಂಡೆಯ ಕಲ್ಲುಸಂದಿಗಳನ್ನು ಕಿತ್ತು ಕಟ್ಟಡ, ಗೋಡೆ ಕಟ್ಟುವುದು.

ಕಾನೂನು ಬಂದ ಮೇಲೆ ಹಾವು ಕೊಂದರೆ ಕೇಸು. ಆದರೆ ನೀವೇ ಯೋಚಿಸಿ, ಒಬ್ಬ ತನ್ನ ಮನೆ ಹಿತ್ತಲಲ್ಲಿ ಹಾವು ಹೊಡೆದು ನೀರಿಗೆ ಎಸೆದರೆ ಯಾವ ಅಧಿಕಾರಿ ನೋಡುತ್ತಾನೆ? ನಮ್ಮಲ್ಲೂ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಿಂದ ಇದೆ, ನೀರುಹಾವು ಅದರ ಪಟ್ಟಿಯಲ್ಲಿದೆ. ನಮ್ಮ ಬಾವಿಯ ಹತ್ತಿರ ಅವತ್ತು ಮೂವತ್ತು ಜನ ಇದ್ದೆವು. ಆ ಕಾಯ್ದೆಯ ನೆನಪು ಯಾರಿಗೂ ಬರಲಿಲ್ಲ, ಡಿಪ್ಲೊಮಾದಲ್ಲಿ ಅದನ್ನು ಓದಿ ಪರೀಕ್ಷೆ ಬರೆದ ನನಗೂ.

ದ್ವೀಪದ ಜನರಿಗೆ ಇನ್ನೊಂದು ಹೆದರಿಕೆಯೂ ಇತ್ತು, ಅದನ್ನು ತಳ್ಳಿಹಾಕುವಂತಿಲ್ಲ. ಹಾವಿನ ಹೆಸರಲ್ಲಿ ಸರ್ಕಾರ ನಮ್ಮ ದಂಡೆ, ನಮ್ಮ ಜಾಗ ಕಿತ್ತುಕೊಂಡರೆ? ದೋಣಿ ಕಟ್ಟೆ ಕಟ್ಟಲು ಬಿಡದಿದ್ದರೆ? ಕಾಡಂಚಿನ ಹಳ್ಳಿಯ ಓದುಗರಿಗೆ ಈ ಹೆದರಿಕೆ ಹೊಸದೇನಲ್ಲ.

ಇಲ್ಲಿ ಬರುವವರೇ ಕ್ರಿಸ್ಟಿನ್ ಸ್ಟ್ಯಾನ್‌ಫೋರ್ಡ್. ಕಿಂಗ್ ಅವರ ವಿದ್ಯಾರ್ಥಿನಿ. 2000ದ ಸುಮಾರಿಗೆ ಹಾವಿನ ಕೆಲಸಕ್ಕೆ ದ್ವೀಪಗಳಿಗೆ ಬಂದರು. ಅವರ ನೆಲೆ ಸೌತ್ ಬಾಸ್ ಪಕ್ಕದ ಜಿಬ್ರಾಲ್ಟರ್ ಎಂಬ ಪುಟ್ಟ ಗಡ್ಡೆ. ಅಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸ್ಟೋನ್ ಪ್ರಯೋಗಾಲಯ ಇದೆ. 1925ರಲ್ಲಿ ಜೂಲಿಯಸ್ ಸ್ಟೋನ್ ಎಂಬವರು ಇಡೀ ಗಡ್ಡೆಯನ್ನೇ ಕೊಂಡು ವಿಶ್ವವಿದ್ಯಾಲಯಕ್ಕೆ ದಾನ ಕೊಟ್ಟಿದ್ದರು.

ಸ್ಟ್ಯಾನ್‌ಫೋರ್ಡ್ ಅವರಿಗೆ ಎರಡು ಕೆಲಸ. ಒಂದು, ಹಾವು ಹಿಡಿಯುವುದು. ಅಂಗಿ ತೋಳು ಮಡಚಿ ದಂಡೆಯ ಕಲ್ಲು ಎತ್ತಿ ಬರಿಗೈಯಲ್ಲಿ ಹಿಡಿಯುವುದು. ಈ ಹಾವು ಹಿಡಿದ ಕೂಡಲೇ ಕಚ್ಚುತ್ತದೆ, ಮೇಲೆ ಗಬ್ಬು ನಾತದ ಹಿಕ್ಕೆ ಬಿಡುತ್ತದೆ. ವಿಷ ಇಲ್ಲ, ಆದರೆ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಗುಣ ಇರುವುದರಿಂದ ಚಿಕ್ಕ ಗಾಯದಿಂದಲೂ ರಕ್ತ ಸ್ವಲ್ಪ ಹೊತ್ತು ಸುರಿಯುತ್ತಲೇ ಇರುತ್ತದೆ. ಕೆಲಸ ಮುಗಿಯುವ ಹೊತ್ತಿಗೆ ಕೈ ತುಂಬ ರಕ್ತ. ಅಳತೆ, ತೂಕ, ಚಿಪ್ ಆದ ಮೇಲೆ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ತಿಂದದ್ದನ್ನು ಕಕ್ಕಿಸಿ ಏನು ತಿಂದಿದೆ ನೋಡಬೇಕು. ಅಮೆರಿಕದ ಟಿವಿಯಲ್ಲಿ ಗಲೀಜು ಕೆಲಸಗಳನ್ನು ತೋರಿಸುವ 'ಡರ್ಟಿ ಜಾಬ್ಸ್' ಎಂಬ ಕಾರ್ಯಕ್ರಮದವರು ಬಂದು ಇದನ್ನು ಚಿತ್ರೀಕರಿಸಿದರು ಅಂದರೆ ಅಂದಾಜು ಮಾಡಿ. (ಇದನ್ನು ಓದಿ ಯಾರೂ ಬಾವಿಗೆ ಕೈ ಹಾಕಬೇಡಿ. ಅವರು ಕಲಿತವರು, ಅಲ್ಲಿ ಯಾವ ಹಾವು ಅಂತ ಗೊತ್ತಿದ್ದವರು. ನಮ್ಮಲ್ಲಿ ನಾಗರವೂ ಇದೆ, ಕಟ್ಟುಹಾವೂ ಇದೆ. ಯಾವ ಹಾವು ಕಚ್ಚಿದರೂ ಮೊದಲು ಆಸ್ಪತ್ರೆ.)

ಎರಡನೇ ಕೆಲಸ ಮಾತಾಡುವುದು. ನನ್ನ ಲೆಕ್ಕದಲ್ಲಿ ಇದೇ ಕಷ್ಟದ್ದು. ಶಾಲೆಗೆ ಹೋದರು, ಪಂಚಾಯಿತಿಯಂಥ ಸಭೆಗಳಿಗೆ ಹೋದರು, ಹಾವಿನ ಬಗ್ಗೆ ಸುದ್ದಿಪತ್ರ ತಂದರು, ಜನರ ಪ್ರಶ್ನೆಗಳಿಗೆ ಉತ್ತರ ಬರೆದರು. ಯಾರ ಮನೆಯ ದೋಣಿಯಲ್ಲೋ ಮೋಟಾರಿನಲ್ಲೋ ಹಾವು ಹೊಕ್ಕರೆ ಕರೆದಲ್ಲಿಗೆ ಹೋಗಿ ತೆಗೆದರು. ಜನ ಅವರನ್ನು ಹಾವಿನಮ್ಮ ಅನ್ನುವ ಅರ್ಥ ಬರುವ ಹಾಗೆ 'ಸ್ನೇಕ್ ಲೇಡಿ' ಅಂತಲೇ ಕರೆಯತೊಡಗಿದರು. "ನೀರುಹಾವುಗಳಿಗೆ ಇಲ್ಲಿ ಸ್ವಾಗತ" ಅಂತ ಬರೆದ ಫಲಕಗಳು ಕೆಲವರ ಜಾಗದಲ್ಲಿ ಎದ್ದವು. ವರ್ಷಕ್ಕೊಮ್ಮೆ ಬೇಸಿಗೆಯ ಆರಂಭದಲ್ಲಿ ಸ್ವಯಂಸೇವಕರನ್ನೆಲ್ಲ ಸೇರಿಸಿ ಹಾವು ಎಣಿಸುವ ಕಾರ್ಯಕ್ರಮ ನಡೆಯಿತು. ಅದಕ್ಕೆ 'ನೆರೋಡಿಯೊ' ಅಂತ ಹೆಸರು. ಹಾವಿನ ಶಾಸ್ತ್ರೀಯ ಹೆಸರು 'ನೆರೋಡಿಯ', ಅಲ್ಲಿನವರ ದನ ಪಳಗಿಸುವ ಜಾತ್ರೆ 'ರೋಡಿಯೊ', ಎರಡನ್ನೂ ಸೇರಿಸಿದ ತಮಾಷೆ.

ಅವರು ಜನರಿಗೆ ಹೇಳಿದ್ದರಲ್ಲಿ 'ಹಾವು ಪಾಪ, ಬಿಟ್ಟುಬಿಡಿ' ಅನ್ನುವುದಷ್ಟೇ ಇರಲಿಲ್ಲ. ಮಾಡಬಹುದಾದ ಕೆಲಸಗಳಿದ್ದವು. ಚಳಿಗಾಲದಲ್ಲಿ ಈ ಹಾವುಗಳು ಹೆಪ್ಪುಗಟ್ಟದಷ್ಟು ಆಳದ ಕಲ್ಲುಬಿರುಕುಗಳಲ್ಲಿ, ಮರದ ಬೇರುಗಳ ಸಂದಿಯಲ್ಲಿ ಮಲಗಿರುತ್ತವೆ. ಎಲ್ಲೆಲ್ಲಿ ಮಲಗುತ್ತವೆ ಅಂತ ತಿಳಿಯಲು ಹಾವುಗಳಿಗೆ ರೇಡಿಯೊ ಅಳವಡಿಸಿ ಹಿಂದೆಯೇ ತಿರುಗಿದ್ದರು. ಹಾಗಾಗಿ ಹೇಳಲು ಸಾಧ್ಯವಾಯಿತು: ದಂಡೆಯ ಹತ್ತಿರ ಅಗೆಯುವ ಕೆಲಸ ಇದ್ದರೆ ಚಳಿಗಾಲದಲ್ಲಿ ಮಾಡಬೇಡಿ, ಹಾವು ಎದ್ದು ಓಡಾಡುವ ಕಾಲದಲ್ಲಿ ಮಾಡಿ. ದೋಣಿ ಕಟ್ಟೆ ಕಟ್ಟಿ, ಬೇಡ ಅನ್ನುವುದಿಲ್ಲ, ಆದರೆ ಕಬ್ಬಿಣದ ಹಾಳೆ ಬಡಿಯುವ ಬದಲು ಕಲ್ಲು ತುಂಬಿದ ಕಟ್ಟೆ ಕಟ್ಟಿ, ಸಂದಿಯಲ್ಲಿ ಹಾವು ಇರುತ್ತದೆ. ಜಾಗ ಮಾರದೆ, ಕಟ್ಟಡ ಕಟ್ಟುವ ಹಕ್ಕನ್ನಷ್ಟೇ ಕಾಯಂ ಬಿಟ್ಟುಕೊಡುವ ಪತ್ರ ಮಾಡಿಸುವುದಕ್ಕೂ ಅಲ್ಲಿ ದಾರಿ ಇತ್ತು. ಜಮೀನು ಮಾಲೀಕನ ಹೆಸರಲ್ಲೇ ಇರುತ್ತದೆ, ದಂಡೆ ಮಾತ್ರ ಹಾಗೇ ಉಳಿಯುತ್ತದೆ. 2003ರಲ್ಲಿ ಇಲಾಖೆ ಗುರಿ ಇಟ್ಟಿತು: ದೊಡ್ಡ ಹಾವುಗಳ ಸಂಖ್ಯೆ 5,555 ಮುಟ್ಟಬೇಕು, ಸತತ ಆರು ವರ್ಷ ಅದಕ್ಕಿಂತ ಕೆಳಗೆ ಇಳಿಯಬಾರದು, ಅದರ ಜತೆ ಇಷ್ಟು ದಂಡೆ, ಇಷ್ಟು ಒಳನಾಡು ಜಾಗ ಉಳಿದಿರಬೇಕು.

ಈ ಕಥೆಯಲ್ಲಿ ಯಾರೂ ಕರೆಯದೆ ಬಂದ ಒಬ್ಬ ಅತಿಥಿಯೂ ಇದ್ದಾನೆ. ಅದು ಗೋಬಿ. ಗೋಬಿ ಮಂಚೂರಿ ಅಲ್ಲ, ಗೋಬಿ ಎಂಬ ಮೀನು. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರದ ಕಡೆಯ, ಗೇಣುದ್ದದ, ಗುಂಡು ತಲೆಯ ಮೀನು. ದೊಡ್ಡ ಹಡಗುಗಳು ತೂಕಕ್ಕೆ ತುಂಬಿಸಿಕೊಂಡು ಬರುವ ನೀರಿನ ಜತೆ ಬಂದು, 1990ರಲ್ಲಿ ಸೇಂಟ್ ಕ್ಲೇರ್ ನದಿಯಲ್ಲಿ ಕಾಣಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಈರಿಯ ತುಂಬ ಹರಡಿತು. ನಮ್ಮ ಕೆರೆಗಳಲ್ಲಿ ಜಿಲೇಬಿ ಮೀನು ತುಂಬಿಕೊಂಡ ಹಾಗೆ. ಅಲ್ಲಿನ ಮೀನುಗಾರರಿಗೆ ಅದು ಶಾಪ, ಯಾಕೆಂದರೆ ಅವರ ಪ್ರೀತಿಯ ಬಾಸ್ ಮೀನಿನ ಮೊಟ್ಟೆಯನ್ನೇ ತಿನ್ನುತ್ತದೆ.

ಹಾವಿಗೆ ಮಾತ್ರ ಅದು ಹಬ್ಬದೂಟ. ದಂಡೆಯ ಕಲ್ಲಿನ ಬುಡದಲ್ಲೇ ಸಿಗುವ ನಿಧಾನದ ಮೀನು. ಕಿಂಗ್, ಸ್ಟ್ಯಾನ್‌ಫೋರ್ಡ್ ಮತ್ತು ಅವರ ಜತೆಗಾರರು ಕಕ್ಕಿಸಿ ನೋಡಿದ ಲೆಕ್ಕದಲ್ಲಿ, ಹಾವಿನ ಆಹಾರದಲ್ಲಿ ಶೇ. 90ಕ್ಕಿಂತ ಹೆಚ್ಚು ಪಾಲು ಗೋಬಿಯದೇ ಆಗಿತ್ತು. 2006ರಲ್ಲಿ ಅವರು ಇದನ್ನು ಪ್ರಕಟಿಸಿದರು. ಹಾವುಗಳು ಬೇಗ ಬೆಳೆಯುತ್ತಿದ್ದವು, ಹೆಣ್ಣು ಹಾವುಗಳ ಗಾತ್ರ ಹೆಚ್ಚಿ ಮರಿಗಳೂ ಹೆಚ್ಚಿದ್ದವು. 'ನಮ್ಮ ಮೀನನ್ನು ಹಾವು ತಿಂದು ಹಾಕುತ್ತಿದೆ' ಅನ್ನುತ್ತಿದ್ದ ಮೀನುಗಾರರಿಗೆ ಈಗ ಹೇಳಲು ಒಂದು ಮಾತು ಸಿಕ್ಕಿತು: ಹಾವು ತಿನ್ನುತ್ತಿರುವುದು ನಿಮ್ಮ ಬಾಸ್ ಅನ್ನಲ್ಲ, ಬಾಸ್ ಮೊಟ್ಟೆಯ ಕಳ್ಳನನ್ನು.

ಹಾಗಾದರೆ ಹಾವನ್ನು ಉಳಿಸಿದ್ದು ಗೋಬಿಯಾ, ಜನರಾ? ಇದನ್ನು ಬಹಳ ಹೊತ್ತು ಯೋಚಿಸಿದೆ. ಗೋಬಿ ಇಲ್ಲದಿದ್ದರೆ ಸಂಖ್ಯೆ ಅಷ್ಟು ವೇಗವಾಗಿ ಏರುತ್ತಿರಲಿಲ್ಲ, ಅದನ್ನು ಒಪ್ಪಬೇಕು. ಆದರೆ ಹೊಟ್ಟೆ ತುಂಬಿದ ದಪ್ಪ ಹಾವು ಬಂಡೆಯ ಮೇಲೆ ಇನ್ನೂ ಚೆನ್ನಾಗಿ ಕಾಣುತ್ತದೆ, ಹೊಡೆಯುವವನಿಗೆ ಇನ್ನೂ ಸುಲಭ. ಹೊಡೆಯುವ ಕೈ ಹಾಗೇ ಇದ್ದಿದ್ದರೆ ಆ ಮರಿಗಳೆಲ್ಲ ಬೆಳೆದು ದೊಡ್ಡವಾಗುತ್ತಿರಲಿಲ್ಲ. ಹೊರಗಿನ ಮೀನು ಬಂದದ್ದು ಒಳ್ಳೆಯದಾಯಿತು ಅಂತಲೂ ನಾನು ಬರೆಯಲಾರೆ. ಒಂದೇ ಬಗೆಯ ಊಟಕ್ಕೆ ಜೋತುಬಿದ್ದ ಪ್ರಾಣಿಯ ಗತಿ ಆ ಊಟ ಕೈಕೊಟ್ಟ ದಿನ ಏನು?

2002ರಿಂದಲೇ ಸಂಖ್ಯೆ ಗುರಿ ದಾಟಿತ್ತು. 2009ರ ಅಂದಾಜು 11,980 ಹಾವು. 2011ರ ಆಗಸ್ಟ್ 16ರಂದು ಅಮೆರಿಕ ಸರ್ಕಾರ ಈರಿ ನೀರುಹಾವನ್ನು ರಕ್ಷಿತ ಪಟ್ಟಿಯಿಂದ ತೆಗೆಯಿತು. ಚೇತರಿಸಿಕೊಂಡಿದೆ ಎಂಬ ಕಾರಣಕ್ಕೆ ಆ ಪಟ್ಟಿಯಿಂದ ಹೊರಬಂದ 23ನೇ ಜೀವಿ ಅದು. ಹೊರಬಂದ ಮೇಲೂ ಐದು ವರ್ಷ ನಿಗಾ ಇಡಬೇಕೆಂಬ ನಿಯಮ ಇತ್ತು. ಕಾನೂನಿನ ಹೆದರಿಕೆ ಹೋದ ಮೇಲೆ ಜನ ಮತ್ತೆ ಹುಟ್ಟುಕೋಲು ಎತ್ತುತ್ತಾರಾ ಅನ್ನುವುದೇ ಆಗಿನ ಆತಂಕ. ಕೆನಡಾದವರು 2015ರಲ್ಲಿ ಮತ್ತೆ ಪರಿಶೀಲಿಸಿ ಅಳಿವಿನಂಚಿನ ಪಟ್ಟಿಯಿಂದ ಇಳಿಸಿ, ಎಚ್ಚರಿಕೆಯಿಂದ ನೋಡಬೇಕಾದ ಜೀವಿ ಎಂಬ ಕೆಳಗಿನ ದರ್ಜೆಗೆ ಹಾಕಿದರು.

ಈ ಬರಹಕ್ಕೆ ಓದಿದ್ದನ್ನೆಲ್ಲ ಮೊನ್ನೆ ದೊಡ್ಡಪ್ಪನಿಗೆ ಹೇಳಿದೆ. ಹಕ್ಕಿ ಮತ್ತು ಪಟ್ಟೆಯ ವಿಷಯ ಕೇಳಿ ತಲೆ ಆಡಿಸಿದರು. ಗೋಬಿ ಮೀನಿಗೆ ನಕ್ಕರು. ಕಟ್ಟಡ ಕಟ್ಟುವ ಹಕ್ಕು ಬಿಟ್ಟುಕೊಡುವ ಪತ್ರದ ಮಾತನ್ನು ಅವರು ನಂಬಲಿಲ್ಲ, "ಯಾರೋ ನಿಂಗೆ ಹೇಳಿರಬೇಕು" ಅಂದರು. ಆಮೇಲೆ ಕೇಳಿದರು:

"ಆ ಹೆಣ್ಣುಮಗಳು ಎಷ್ಟು ವರ್ಷ ಹೇಳಿದ್ಲು?"

"ಪಟ್ಟಿಯಿಂದ ತೆಗೆಯೋ ಹೊತ್ತಿಗೆ ಹತ್ತು ವರ್ಷದ ಮೇಲಾಗಿತ್ತು ದೊಡ್ಡಪ್ಪ."

"ದಿನಾ ಕಚ್ಚಿಸಿಕೊಂಡು?"

"ಹೂಂ, ಕಚ್ಚಿಸಿಕೊಂಡೇ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಾವಿಯ ಕೆಳಗಿನ ಸುತ್ತಿನ ಹೂಳು ಇನ್ನೂ ಉಳಿದಿದೆ, ಯುಗಾದಿ ಆದ ಮೇಲೆ ತೆಗೀತಾರಂತೆ ಅಂದರು. "ಅವತ್ತು ಬೆಳಿಗ್ಗೇನೇ ಬಾ. ಮೊಬೈಲು ಜೇಬಲ್ಲಿಟ್ಕೊ. ಹುಡುಗರಿಗೆ ನೀನೇ ಹೇಳು, ನಾನು ಪಕ್ಕದಲ್ಲಿ ನಿಂತಿರ್ತೀನಿ."